‘ಸ್ಟಿಕ್ ಅಂಡ್ ರಡರ್’: ಒಂದು ವಿಮರ್ಶೆ

ವಿದ್ಯೆಯನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರೆಂಬ ನಂಬಿಕೆ ಲೋಕದಲ್ಲಿ ಬಲವಾಗಿದೆ. ಅದು ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಪರೀಕ್ಷಿಸಲಿಚ್ಛಿಸುವವರು, ವೂಲ್ಫ್‌ಗಾಂಗ್ ಲಾಂಗೆವೀಷೆ ಎಂಬವರು 1944 ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಸ್ಟಿಕ್ ಅಂಡ್ ರಡರ್’ ಎಂಬ ಗ್ರಂಥವನ್ನು ನೋಡಬೇಕು. ವಿಮಾನ ನಡೆಸುವ ಕಲೆಯ ವಿವರಣೆಯೇ ಇದರ ವಸ್ತು. ಆದರೂ ವಿಮಾನದ ಹಿಡಿಯನ್ನು ಎಂದೂ ಮುಟ್ಟದ ವಾಚಕರಿಗೂ ಇದರಲ್ಲಿ ಗ್ರಾಹ್ಯವಾದುದು ಬಹಳವಿದೆ.

ಗ್ರಂಥಕರ್ತರು ಜರ್ಮನ್ ಮೂಲದವರು. 1907 ರಲ್ಲಿ ಜನಿಸಿದವರು. ಅಮೆರಿಕಕ್ಕೆ ಬಂದು ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಗ ಅವರಿಗೆ ಹಾರಾಟದ ಹಂಬಲ ಹಿಡಿಯಿತು. 1934 ರಲ್ಲಿ ಷಿಕಾಗೋ ನಗರದಲ್ಲಿ ಮೊದಲ ಬಾರಿಗೆ ಏಕಾಕಿಯಾಗಿ ಹಾರಿದರು. ಮುಂದೆ ಸೈನ್ಯದ ವಿಮಾನ ಶಿಕ್ಷಾರ್ಥಿಗಳಿಗೆ ಹಾರಾಟದ ತತ್ತ್ವವನ್ನು ಬೋಧಿಸಿದರು. ಕೋರ್ಸೇರ್ ಯುದ್ಧವಿಮಾನಗಳ ಪರೀಕ್ಷಕರೂ ಆದರು.

ಬಾಲ್ಯದಲ್ಲೇ ಈಜು ಕಲಿತವನಿಗೆ ತಾನು ಕಲಿತ ಬಗೆ ನೆನಪಿರುವುದಿಲ್ಲ. ಪ್ರಾಯ ಬಂದ ಮೇಲೆ ಕಲಿತವನು ತಾನು ಕುಡಿದ ನೀರಿನ ಲೆಕ್ಕವನ್ನೂ ಮರೆಯುವುದಿಲ್ಲ. ಈ ಗ್ರಂಥದ ಶಕ್ತಿಯೆಲ್ಲ ಆ ನೆನಪಿನಲ್ಲಿದೆ. ನುರಿತ ಚಾಲಕರ ಕೈ ಸರಿಯಾದುದನ್ನೇ ಮಾಡುತ್ತದೆ, ಆದರೆ ಅವರ ಬಾಯಿ ಬೇರೊಂದನ್ನು ಹೇಳುತ್ತದೆ ಎಂಬುದು ಗ್ರಂಥಕರ್ತರ ಆಕ್ಷೇಪ. ಶಿಷ್ಯನು ನಂಬುವುದು ಬಾಯಿಮಾತನ್ನು. ಆಕಾಶದಲ್ಲಿ ಇದರ ಫಲ ಪ್ರಾಣಹಾನಿ.

ಒಂದು ನಿದರ್ಶನ: ನೆಲದ ಸಮೀಪದಲ್ಲಿ ವಿಮಾನವು ಕುಸಿಯತೊಡಗಿದಾಗ, ಹಿಡಿಯನ್ನು ತನ್ನತ್ತ ಎಳೆದು ಮೂತಿಯನ್ನು ಮೇಲೆತ್ತಬೇಕೆಂದು ಮನುಷ್ಯನ ಸಹಜಬುದ್ಧಿ ಪ್ರೇರೇಪಿಸುತ್ತದೆ. ಆಗ ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನ ಮಿತಿಮೀರುತ್ತದೆ. ರೆಕ್ಕೆಯ ಮೇಲ್ಮೈಯ ಗಾಳಿಯ ಹರಿವು ಒಡೆಯುತ್ತದೆ. ವಿಮಾನವನ್ನು ಎತ್ತಿ ಹಿಡಿದಿದ್ದ ಬಲವು ತಗ್ಗಿಹೋಗುತ್ತದೆ. ಉಳಿಯಬೇಕಾದರೆ ಹಿಡಿಯನ್ನು ಮುಂದಕ್ಕೆ, ಎಂದರೆ ಭಯ ಬೇಡವೆನ್ನುವ ದಿಕ್ಕಿಗೇ, ಒತ್ತಬೇಕು. ಹಾಗೆಯೇ ವಿಮಾನವನ್ನು ತಿರುಗಿಸುವುದು ದೋಣಿಯಲ್ಲಿರುವಂತೆ ಚುಕ್ಕಾಣಿಯಲ್ಲ, ಓರೆಯಾದ ರೆಕ್ಕೆ ಎಂಬುದನ್ನೂ ಮನದಟ್ಟಾಗುವಂತೆ ವಿವರಿಸಿದ್ದಾರೆ.

ದೋಷಗಳೂ ಇಲ್ಲದಿಲ್ಲ. ಒಂದೇ ಮಾತು ಹಲವೆಡೆ ಮರುಕಳಿಸಿ ಬೇಸರ ತರುತ್ತದೆ. ಎಲಿವೇಟರಿಗೆ ‘ಫ್ಲಿಪ್ಪರ್’ ಎಂಬ ಹೆಸರನ್ನೇ ಹಟದಿಂದ ಬಳಸಿದುದು ರೂಢಿಗೆ ಬರಲಿಲ್ಲ. ಚುಕ್ಕಾಣಿಯ ಪೆಡಲುಗಳು ಮುಂದೆ ಅನಾವಶ್ಯಕವಾಗುವುವೆಂಬ ಅವರ ನಿರೀಕ್ಷೆಯೂ ಫಲಿಸಲಿಲ್ಲ. ಶಿಕ್ಷಣದ ವಿಮಾನಗಳಲ್ಲಿ ಅವು ಇಂದಿಗೂ ಇವೆ.

ಆದರೂ ಗ್ರಂಥಕರ್ತರು 2002 ರಲ್ಲಿ ತೀರಿಕೊಂಡ ಮೇಲೂ ಹಾರಾಟ ಕಲಿಯುವವರು ಈ ಗ್ರಂಥವನ್ನು ಬಿಟ್ಟಿಲ್ಲ. ತನ್ನ ಅಜ್ಞಾನವನ್ನು ಮರೆತ ಗುರು ಶಿಷ್ಯನನ್ನು ಮಂದಮತಿಯೆಂದು ಹಳಿಯುತ್ತಾನೆ. ನೆನಪಿಟ್ಟುಕೊಂಡವನು ಅವನ ತಪ್ಪಿನ ಬೇರನ್ನು ಹುಡುಕುತ್ತಾನೆ. ಮಕ್ಕಳಿಗೆ ಲೆಕ್ಕವನ್ನೋ ವ್ಯಾಕರಣವನ್ನೋ ಹೇಳಿಕೊಡುತ್ತ ತಾಳ್ಮೆಗೆಡುವ ನಾವೆಲ್ಲರೂ ಇದನ್ನೊಮ್ಮೆ ಓದುವುದು ಒಳ್ಳೆಯದು.