ಪಂಚಮಿ ಉದ್ರಿ: ನೆರೆಯ ಕಥೆಯಲ್ಲಿ ಅಂಗಡಿಯವನೆಲ್ಲಿ?

ರೋಣ ತಾಲ್ಲೂಕಿನ ಸವಡಿಯನ್ನು ದುರ್ಗಸಿಂಹನ ಊರೆಂದು ಗುರುತಿಸುತ್ತಾರೆ. ಅವನು ಹೇಳಿಕೊಂಡಿರುವ 'ಸಯ್ಯಡಿ' ಇದೇ ಎಂಬುದು ವಿದ್ವಾಂಸರ ಮಾತು. 1031ರ ಸುಮಾರಿಗೆ ಅವನು ಕನ್ನಡಕ್ಕೆ ತಂದದ್ದು ಪಂಚತಂತ್ರ. ಪಂಚತಂತ್ರದ ಸಿಂಹ-ಎತ್ತಿನ ಕಥೆ ಶುರುವಾಗುವುದು ಒಬ್ಬ ವ್ಯಾಪಾರಿಯಿಂದ. ಅವನು ಸರಕು ಹೇರಿಕೊಂಡು ದೂರದ ಊರಿಗೆ ಹೊರಡುತ್ತಾನೆ, ದಾರಿಯಲ್ಲಿ ಸಂಜೀವಕನೆಂಬ ಎತ್ತು ಬೀಳುತ್ತದೆ, ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾನೆ. ಎತ್ತು ಬದುಕುತ್ತದೆ, ಸಿಂಹದ ಗೆಳೆತನ ಮಾಡುತ್ತದೆ, ನರಿಯ ಸಂಚಿಗೆ ಸಿಕ್ಕು ಸಾಯುತ್ತದೆ. ವ್ಯಾಪಾರಿಗೆ ಏನಾಯಿತು? ಗಾಡಿ ಊರು ಮುಟ್ಟಿತೇ? ಎತ್ತಿನ ನಷ್ಟವನ್ನು ಯಾವ ಲೆಕ್ಕಕ್ಕೆ ಬರೆದುಕೊಂಡ? ಕಥೆಗೆ ಅದು ಬೇಕಿಲ್ಲ. ಕಥೆಯನ್ನು ಕಾಡಿನವರೆಗೆ ತಂದುಬಿಟ್ಟ ಮೇಲೆ ಅವನ ಕೆಲಸ ಮುಗಿಯಿತು.

ನಮ್ಮದೇ ಜಿಲ್ಲೆಯ ಇನ್ನೊಂದು ಉದಾಹರಣೆ ಆದಯ್ಯ. ಸೌರಾಷ್ಟ್ರದಿಂದ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ವ್ಯಾಪಾರಕ್ಕೆಂದು ಬಂದವನು. ರಾಘವಾಂಕನ 'ಸೋಮನಾಥ ಚಾರಿತ್ರ'ದ ನಾಯಕ. ಕನ್ನಡ ಕಾವ್ಯದಲ್ಲಿ ವ್ಯಾಪಾರಿಯೊಬ್ಬ ನಾಯಕನಾಗುವುದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿಯೂ ವ್ಯಾಪಾರ ಅವನನ್ನು ಪುಲಿಗೆರೆಯವರೆಗೆ ತಲುಪಿಸುವ ದಾರಿ ಮಾತ್ರ. ಊರು ಸಿಕ್ಕಿತು, ಪ್ರೇಮ ಬಂತು, ಭಕ್ತಿ ಬಂತು. ತಂದ ಸರಕಿನ ಗತಿ ಏನಾಯಿತೆಂದು ಕೇಳುವುದು ರಸಿಕನ ಲಕ್ಷಣವಲ್ಲ ಎನ್ನಬಹುದು. ಆದರೂ ನನಗೆ ಕೇಳಬೇಕೆನಿಸುತ್ತದೆ.

ಯಾಕೆಂದರೆ ಈ ಅಭ್ಯಾಸ ಇಂದಿಗೂ ಹೋಗಿಲ್ಲ. ಆಧುನಿಕ ಕನ್ನಡ ಕಥನದಲ್ಲಿ ಅಂಗಡಿಯವನಿಗೆ ಎರಡೇ ಪಾತ್ರ. ಒಂದು, ತೂಕದಲ್ಲಿ ಮೋಸ ಮಾಡುವ, ಬಡ್ಡಿ ಹೇರುವ ಸಾಹುಕಾರ. ಅನಂತಮೂರ್ತಿಯವರ 'ಬರ'ದಲ್ಲಿ, ಅದನ್ನು ಆಧರಿಸಿ ಎಂ.ಎಸ್. ಸತ್ಯು 1982ರಲ್ಲಿ ತೆಗೆದ ಸಿನಿಮಾದಲ್ಲಿ, ಕಾಳು ಬಚ್ಚಿಡುವವನು ಅವನೇ. ಎರಡು, ದುಡ್ಡು ಬಂದು ಮನೆತನವೇ ಕೆಡುವ ಕಥೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದರ ಅತ್ಯುತ್ತಮ ಮಾದರಿ. ಅಲ್ಲಿ ಮಸಾಲೆ ವ್ಯಾಪಾರ ಏಳುತ್ತದೆ, ಮನೆಯವರ ಮನಸ್ಸು ಇಳಿಯುತ್ತದೆ. ಎರಡೂ ಸುಳ್ಳಲ್ಲ. 1980ರ ನರಗುಂದ ಬಂಡಾಯದ ಸೀಮೆಯಲ್ಲಿ ಹುಟ್ಟಿದವನಿಗೆ ಅಡತಿ ಅಂಗಡಿಯ ತಕ್ಕಡಿ ಯಾವ ಕಡೆ ವಾಲುತ್ತದೆಂದು ಯಾರೂ ಕಲಿಸಬೇಕಾಗಿಲ್ಲ. ಆದರೆ ಎರಡರಲ್ಲೂ ವ್ಯಾಪಾರವೆಂದರೆ ಒಂದು ನೈತಿಕ ಪ್ರಶ್ನೆ. ಅದು ಒಂದು ಹೊಟ್ಟೆಪಾಡು, ಒಂದು ರಾತ್ರಿಯಲ್ಲಿ ಹೋಗಬಹುದಾದದ್ದು, ಹೋದರೆ ಅಳಬಹುದಾದದ್ದು ಎಂಬ ಮೂರನೆಯ ಸಾಧ್ಯತೆಯನ್ನು ನಮ್ಮ ಕಥೆ ಹೆಚ್ಚು ಮುಟ್ಟಿಲ್ಲ.

ಮಲಪ್ರಭೆ ಈ ಪ್ರಶ್ನೆಯನ್ನು ನಮ್ಮ ಕಡೆ ಎರಡು ಸಲ ಜೋರಾಗಿ ಕೇಳಿದಳು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಇನ್ನೊಮ್ಮೆ. ಎರಡನೆಯ ಸಲದ ಮಳೆ ನಮ್ಮ ಊರಿನದಲ್ಲ, ಖಾನಾಪುರದ ಕಾಡಿನದು. ಕಣಕುಂಬಿಯಲ್ಲಿ ಹುಟ್ಟಿದ ನದಿ ನವಿಲುತೀರ್ಥದ ಅಣೆಕಟ್ಟು ತುಂಬಿಸಿತು, ಗೇಟು ತೆರೆದರು. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಕಡೆಯ ಊರುಗಳಿಗೆ ನೀರು ನುಗ್ಗಿತು. ಬೆಣ್ಣೆಹಳ್ಳವೂ ಇದೇ ಸೀಮೆಯಲ್ಲಿ ಮಲಪ್ರಭೆಗೆ ಸೇರುವುದರಿಂದ ಹೊಳೆ ಒಂದು ಕಡೆಯಿಂದ, ಹಳ್ಳ ಇನ್ನೊಂದು ಕಡೆಯಿಂದ. ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿ ಕೊಣ್ಣೂರಿನ ಹತ್ತಿರ ನಿಂತುಹೋಯಿತು. ಅದಕ್ಕೆ ಹಿಂದಿನ ವರ್ಷ ಇದೇ ಊರುಗಳ ಜನ ಬರ ಪರಿಹಾರದ ಅರ್ಜಿ ಹಿಡಿದು ನಿಂತಿದ್ದರು.

ಬರಕ್ಕೆ ನಮ್ಮಲ್ಲಿ ಭಾಷೆ ಇದೆ. ಡೋಗಿ ಬರ ಎಂಬ ಹೆಸರು ಇನ್ನೂರು ವರ್ಷ ದಾಟಿ ಉಳಿದಿದೆ. ಬರಕ್ಕೆ ಹಾಡಿದೆ, ಕಾದಂಬರಿ ಇದೆ, ಸಿನಿಮಾ ಇದೆ. ನೆರೆಗೆ ಹಾಗೆ ಹೆಸರಿಲ್ಲ. 'ಹೊಳಿ ಬಂದಾಗ' ಅನ್ನುತ್ತೇವೆ, ಬೀಗರು ಬಂದಾಗ ಅಂದ ಹಾಗೆ.

ನೀರಿನ ಬಗ್ಗೆ ಕನ್ನಡದಲ್ಲಿ ಗಟ್ಟಿಯಾಗಿ ಬರೆದವರೆಂದರೆ ನಾ. ಡಿಸೋಜ. 'ಮುಳುಗಡೆ', 'ದ್ವೀಪ' ಎರಡೂ ಶರಾವತಿಯವು. ಲೋಕೋಪಯೋಗಿ ಇಲಾಖೆಯಲ್ಲಿ, ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರಾದ್ದರಿಂದ ಪರಿಹಾರದ ಕಡತ ಹೇಗೆ ನಡೆಯುತ್ತದೆಂದು ಅವರಿಗೆ ಒಳಗಿನಿಂದ ಗೊತ್ತಿತ್ತು. 'ದ್ವೀಪ'ದ ಗಣಪಯ್ಯ, ನಾಗವೇಣಿ ಸುತ್ತ ಏರುವ ನೀರನ್ನು ನೋಡುತ್ತ ಕೂರುವುದನ್ನು ಓದಿದಾಗ ಮೈ ನಡುಗುತ್ತದೆ. ಗಿರೀಶ ಕಾಸರವಳ್ಳಿಯವರ 2002ರ ಸಿನಿಮಾ ನೋಡಿದವರಿಗೂ ಅದು ಗೊತ್ತು. ಆದರೂ 2019ರ ನಂತರ ಈ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಾಗ ಅದು ನನ್ನ ಊರಿನ ಪುಸ್ತಕವಾಗಲಿಲ್ಲ. ಮುಳುಗಡೆಗೂ ನೆರೆಗೂ ಇರುವ ಅಂತರ ಅದಕ್ಕೆ ಕಾರಣ ಎಂದು ಈಗ ಅನಿಸುತ್ತದೆ. ಮುಳುಗಡೆಗೆ ನೋಟೀಸಿದೆ, ಗಡುವಿದೆ. ನೀರು ಏರುತ್ತದೆ, ಮತ್ತೆ ಇಳಿಯುವುದಿಲ್ಲ. ಹೋದದ್ದು ಕಣ್ಣಿಗೆ ಬೀಳದ ಕಾರಣ ನೆನಪಿನಲ್ಲಿ ಸುಂದರವಾಗುತ್ತ ಹೋಗುತ್ತದೆ. ನೆರೆ ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ. ನಾಲ್ಕನೆಯ ದಿನ ನೀವು ಅದೇ ಬಾಗಿಲ ಮುಂದೆ ನಿಂತಿರುತ್ತೀರಿ. ಗೋಡೆ ಇದೆ, ಕಪಾಟಿದೆ, ತಕ್ಕಡಿ ಇದೆ. ಸಕ್ಕರೆ ಇದ್ದ ಚೀಲ ಇದೆ, ಒಳಗೆ ಸಕ್ಕರೆ ಇಲ್ಲ. ಬೆಲ್ಲದ ಪೆಂಟೆ ಕರಗಿ ನೆಲಕ್ಕೆ ಅಂಟಿದೆ, ಅದರ ಮೇಲೆ ರಾಡಿ, ರಾಡಿಯ ಮೇಲೆ ನೊಣ. ಇಲ್ಲಿ ಹಳಹಳಿಕೆಗೆ ಜಾಗವಿಲ್ಲ, ಸಲಿಕೆ ಬೇಕು.

ಹಳ್ಳಿಯ ಅಂಗಡಿ ನೆರೆಯಲ್ಲಿ ಕಳೆದುಕೊಳ್ಳುವುದು ಏನನ್ನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಹಿತ್ಯಕ್ಕೆ ಇದು ಗೊತ್ತಿಲ್ಲದಿರುವುದರಿಂದಲೇ ವಿಮರ್ಶೆಯೊಳಗೆ ತರುತ್ತಿದ್ದೇನೆ. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಹೊಳೆ ಬಂದದ್ದು ಅದೇ ವಾರ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದ ಮಗಳಿಗೆ ಸೀರೆ, ಕುಪ್ಪಸ, ಬಳೆ ಆಗಬೇಕು. ಶೇಂಗಾ ಉಂಡಿ, ಎಳ್ಳುಂಡಿಗೆ ಬೆಲ್ಲ, ಪುಠಾಣಿ, ಕೊಬ್ಬರಿ, ಯಾಲಕ್ಕಿ ಆಗಬೇಕು. ರೊಕ್ಕ ಯಾರ ಕೈಯಲ್ಲೂ ಇರುವುದಿಲ್ಲ. ಮುಂಗಾರಿನ ಹೆಸರು ಹೊಲದಲ್ಲಿರುತ್ತದೆ, ರಾಶಿಗೆ ಇನ್ನೂ ಕೆಲವು ವಾರ ಬೇಕು. ಆದ್ದರಿಂದ ಎಲ್ಲವೂ ಉದ್ರಿ. 'ಇಂದು ನಗದು ನಾಳೆ ಉದ್ರಿ' ಎಂಬ ಬೋರ್ಡಿನ ಕೆಳಗೇ ಕೂತು ಅಂಗಡಿಯವನು ಉದ್ರಿ ಬರೆಯುತ್ತಾನೆ. ವರ್ಷದ ಅತಿ ದೊಡ್ಡ ಉದ್ರಿ ಪಂಚಮಿಯದು.

ಹೀಗಾಗಿ ಹೊಳೆ ಆ ವಾರ ಒಂದೇ ಅಂಗಡಿಯನ್ನು ಮೂರು ಕಡೆ ಹೊಡೆಯಿತು. ಒಳಗಿದ್ದ ಮಾಲು ಹೋಯಿತು. ಹೊರಗಿದ್ದ ಉದ್ರಿಗೆ ಸಾಕ್ಷಿಯಾಗಿದ್ದ ವಹಿ ಹೋಯಿತು. ಉದ್ರಿ ತೀರಿಸಬೇಕಿದ್ದ ಹೆಸರು ಹೊಲದಲ್ಲೇ ಕೊಳೆಯಿತು. ಪತ್ರಿಕೆಗಳು ಬರೆದದ್ದು ಮೂರನೆಯದನ್ನು, ರೈತನ ನಷ್ಟವೆಂದು. ಬರೆಯಲೇಬೇಕು, ಅದು ದೊಡ್ಡ ನಷ್ಟ. ಆದರೆ ಅದೇ ಹೊಲದಲ್ಲಿ ಅಂಗಡಿಯವನ ಬಂಡವಾಳವೂ ಕೊಳೆಯುತ್ತಿತ್ತು ಎಂಬುದು ವರದಿಯ ಕಣ್ಣಿಗೆ ಬೀಳಲಿಲ್ಲ.

ಸರ್ಕಾರದ ಕಾಗದವೂ ಒಂದು ಪಠ್ಯವೇ. ರಾಜ್ಯ ವಿಪತ್ತು ಪರಿಹಾರ ನಿಧಿಗೆ 2015ರಿಂದ 2020ರವರೆಗೆ ಇದ್ದ ಮಾನದಂಡದ ಪಟ್ಟಿಯನ್ನು ನಾನು ಕಥೆಯಂತೆ ಓದಿದ್ದೇನೆ. ಮನೆಯ ಬಟ್ಟೆಬರೆಗೆ 1,800 ರೂಪಾಯಿ, ಪಾತ್ರೆಪಗಡಕ್ಕೆ 2,000. ಎಮ್ಮೆಗೆ 30,000, ಕುರಿಗೆ 3,000, ಕೋಳಿಗೆ 50. ಕೈಮಗ್ಗದ ನೇಕಾರನ ಉಪಕರಣಕ್ಕೆ 4,100, ಕಚ್ಚಾಮಾಲಿಗೆ ಇನ್ನೊಂದು 4,100. ದೋಣಿ ಇದೆ, ಬಲೆ ಇದೆ. ಕಿರಾಣಿ ಅಂಗಡಿ ಇಲ್ಲ. ಪಟ್ಟಿ ಮಾಡಿದವರ ಮನಸ್ಸಿನಲ್ಲಿದ್ದ ಹಳ್ಳಿ ಯಾವುದೆಂದು ಊಹಿಸಬಹುದು. ಅಲ್ಲಿ ಎಲ್ಲರೂ ಏನನ್ನಾದರೂ ಬೆಳೆಯುತ್ತಾರೆ, ಸಾಕುತ್ತಾರೆ, ನೇಯುತ್ತಾರೆ. ಯಾರೂ ಯಾರಿಗೂ ಏನನ್ನೂ ಮಾರುವುದಿಲ್ಲ. ನವೋದಯದ ಭಾವಗೀತೆಗಳ ಹಳ್ಳಿಯೂ ಇದೇ ಅಲ್ಲವೇ? ಸರ್ಕಾರಿ ಕೋಷ್ಟಕವೂ ನಮ್ಮ ಕವಿತೆಯೂ ಇಷ್ಟು ಹತ್ತಿರದ ನೆಂಟರೆಂದು ನನಗೆ ಗೊತ್ತಿರಲಿಲ್ಲ.

ಹೊಸ ಊರುಗಳದ್ದೂ ಇದೇ ಕಥೆ. 2009ರ ನಂತರ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಿದರು. ಸಾಲಾಗಿ ಮನೆ, ನೇರ ರಸ್ತೆ. ಮನೆಯನ್ನು ಎತ್ತಿ ಇನ್ನೊಂದು ಕಡೆ ಇಡಬಹುದು, ಅಗಸಿಯ ಮುಂದಿನ ಅಂಗಡಿಯನ್ನು ಇಡಲು ಬರುವುದಿಲ್ಲ. ಅದರ ನಿಜವಾದ ಆಸ್ತಿ ಗೋಡೆಯಲ್ಲ. ಬಸ್ ನಿಲ್ಲುವ ಕಡೆಗೂ ಹಿಟ್ಟಿನ ಗಿರಣಿಗೂ ನಡುವೆ ಜನ ನಡೆಯುವ ದಾರಿಯೇ ಅದರ ಆಸ್ತಿ. ಅರ್ಧ ಊರು ಮೇಲೆ, ಅರ್ಧ ಊರು ಕೆಳಗೆ ಉಳಿದರೆ ಅಂಗಡಿ ಎರಡೂ ಕಡೆ ಅರ್ಧವಾಗುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಪಠ್ಯವನ್ನು ತೋರಿಸಬೇಕು. ನಮ್ಮದು ರೋಣ ತಾಲ್ಲೂಕಿನ ಹೊಳೆದಂಡೆಯ ಒಂದು ಊರಿನಲ್ಲಿದ್ದ ಕಿರಾಣಿ ಅಂಗಡಿ. ಅಜ್ಜ ಹಾಕಿದ್ದು. ಹಬ್ಬದ ತಿಂಗಳಲ್ಲಿ ಅಪ್ಪ ಗಜೇಂದ್ರಗಡದಿಂದ ಸೀರೆ ತಂದು ಒಂದು ಕಪಾಟು ತುಂಬಿಸುತ್ತಿದ್ದರು. ಗಜೇಂದ್ರಗಡ ಗುಡ್ಡದ ಊರು, ಹೊಳೆ ಇಲ್ಲ. ಅಲ್ಲಿನ ಮಗ್ಗದ ಪಟ್ಟೇದಂಚು ಸೀರೆಗೆ ನಮ್ಮೂರಲ್ಲಿ ಹಳಬರ ಗಿರಾಕಿ ಇತ್ತು. 2019ರ ನಂತರ ಆ ಅಂಗಡಿ ಮತ್ತೆ ತೆರೆಯಲಿಲ್ಲ. ಪಂಚನಾಮೆಗೆ ಬಂದವರು ಮನೆ ಬರೆದುಕೊಂಡರು. 'ಅಂಗಡಿ ಕಾಲಂ ಇಲ್ರಿ ಯಜಮಾನ್ರ' ಅಂದರಂತೆ. ಅವರೇನು ಮಾಡಿಯಾರು, ಕಾಲಂ ಇರಲಿಲ್ಲ.

ನೀರಿಳಿದು ಹದಿನೈದು ದಿನಕ್ಕೆ ಅಪ್ಪ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತರಿಸಿ, ಹೋದ ವಹಿಯನ್ನು ನೆನಪಿನಿಂದ ಬರೆಯಲು ಕೂತರು. ಆ ನೋಟ್‌ಬುಕ್ ಈಗ ನನ್ನ ಹತ್ತಿರವಿದೆ. ಸಂಶೋಧನೆಗೆಂದು ಹಸ್ತಪ್ರತಿ ಓದುವ ಅಭ್ಯಾಸವಾಗಿರುವುದರಿಂದ ಇದನ್ನೂ ಹಾಗೇ ಓದಿದೆ. ಹೋದ ವಹಿ ದಿನಾಂಕದ ಕ್ರಮದಲ್ಲಿ ಇದ್ದಿರಬೇಕು, ಕೀರ್ದಿ ಇರುವುದೇ ಹಾಗೆ. ಇದು ಓಣಿಯ ಕ್ರಮದಲ್ಲಿದೆ. ಅಗಸಿಯಿಂದ ಶುರುವಾಗಿ, ಮನೆಯಿಂದ ಮನೆಗೆ, ಹೊಳೆಯ ಕಡೆ ಇಳಿಯುತ್ತದೆ. ಬರೆಯುವವರು ಮನಸ್ಸಿನಲ್ಲಿ ನಡೆಯುತ್ತ ಬರೆದಿದ್ದಾರೆ. ಹೆಸರಿಗಿಂತ ಹೆಚ್ಚಾಗಿ ಗುರುತುಗಳಿವೆ: ಬೇವಿನ ಗಿಡದ ಮನಿ, ಬಾವಿ ಮೂಲಿ, ಸಣ್ಣ ಸೊಸಿ. ಮೊತ್ತದ ಮುಂದೆ ವಸ್ತು ಇದೆ. 'ಕೊಬ್ರಿ ಎರಡು ಬಟ್ಲ, ಬೆಲ್ಲ ಐದು ಕೆಜಿ, ಮಗಳು ಬಂದಿದ್ಲು.' ಈ ಕೊನೆಯ ಎರಡು ಪದ ಯಾವ ಲೆಕ್ಕಕ್ಕೂ ಬೇಕಿಲ್ಲ. ಆದರೆ ಮೊತ್ತ ನೆನಪಿಗೆ ಬಂದದ್ದೇ ಅವುಗಳಿಂದ. ಹೊಳೆಯ ಹತ್ತಿರದ ಓಣಿಗೆ ಬಂದಂತೆ ಮೊತ್ತದ ಜಾಗ ಖಾಲಿ ಬೀಳುತ್ತದೆ, ಗುರುತು ಮಾತ್ರ ಉಳಿಯುತ್ತದೆ. ಅಪ್ಪನಿಗೆ ನೆನಪಾಗಲಿಲ್ಲವೋ, ಆ ಮನೆಗಳು ಬಿದ್ದದ್ದನ್ನು ಕಂಡು ಬರೆಯುವುದು ಬೇಡ ಅನಿಸಿತೋ, ಪ್ರತಿಯಲ್ಲಿ ಸೂಚನೆ ಇಲ್ಲ. ಕೇಳಿದರೆ 'ಹೋಗ್ಲಿ ಬಿಡೋ' ಅನ್ನುತ್ತಾರೆ.

ಇದನ್ನು ಸಾಹಿತ್ಯವೆಂದು ಕರೆಯುವ ಉತ್ಸಾಹ ನನಗಿಲ್ಲ. ಆದರೆ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಫೋಟೋಗೆ ಕಟ್ಟು ಹಾಕುವವನೊಬ್ಬ ಬರುತ್ತಾನೆ, ಯಾರೂ ಬಂದು ಒಯ್ಯದ ಫೋಟೋಗಳು ಅವನ ಬಳಿ ಉಳಿದಿರುತ್ತವೆ. ಸಣ್ಣ ಅಂಗಡಿಯೆಂದರೆ ಬೇರೆಯವರ ಬದುಕಿನ ತುಣುಕುಗಳನ್ನು ಕಾಯ್ದಿಡುವ ಜಾಗವೂ ಹೌದೆಂದು ಕಾಯ್ಕಿಣಿಯವರಿಗೆ ಗೊತ್ತು. ಮಹಾನಗರಕ್ಕೆ ಸಿಕ್ಕ ಈ ಕಣ್ಣು ರೋಣ-ನರಗುಂದದ ಪೇಟೆಗೆ ಸಿಗಬಾರದೇಕೆ? ನಮ್ಮ ಭಾಗದ ಹೊಸ ಕಥೆಗಾರರು ನೆರೆಯ ಮೇಲೆ ಬರೆದರೆ ಹೊಲದಿಂದ ಶುರುಮಾಡುತ್ತಾರೆ, ಗಂಜಿ ಕೇಂದ್ರದಲ್ಲಿ ನಿಲ್ಲಿಸುತ್ತಾರೆ. ನಡುವೆ ಅಂಗಡಿ ಸಾಲು ಬರುತ್ತದೆ, ಓಡುತ್ತ ದಾಟುತ್ತಾರೆ. ಉದ್ರಿ ಎಂದರೆ ಶೋಷಣೆ ಎಂಬ ಸೂತ್ರ ಕೈಯಲ್ಲಿರುವವರೆಗೆ ಆ ಸಾಲಿನಲ್ಲಿ ನಿಂತು ನೋಡುವುದು ಕಷ್ಟ. ಐದು ಕಿಲೋ ಬೆಲ್ಲ ಕೊಟ್ಟವನಿಗೂ ಗಜೇಂದ್ರಗಡದಲ್ಲಿ ಉದ್ರಿ ಇದೆ, ಅವನಿಗೆ ಕೊಟ್ಟವನಿಗೂ ಇನ್ನೆಲ್ಲೋ ಇದೆ. ಈ ಸರಪಳಿಯಲ್ಲಿ ಯಾರು ಯಾರ ಸಾಹುಕಾರ ಎಂಬುದನ್ನು ಕಾದಂಬರಿಯೊಂದೇ ತಾಳ್ಮೆಯಿಂದ ಬಿಡಿಸಬಲ್ಲದು. ವರದಿಗೆ ಅಷ್ಟು ಪುಟವಿಲ್ಲ, ಬಂಡಾಯದ ಕವಿತೆಗೆ ಅಷ್ಟು ವ್ಯವಧಾನವಿಲ್ಲ.

ನೋಟ್‌ಬುಕ್ಕಿನ ಹಿಂದಿನ ಕಡೆಯಿಂದ ತೆರೆದರೆ ಇನ್ನೊಂದು ಲೆಕ್ಕವಿದೆ, 'ಕೊಡೂದು' ಎಂದು ತಲೆಬರಹ. ಗಜೇಂದ್ರಗಡದ ಸೀರೆಯದು, ರೋಣದ ಎಣ್ಣೆಯದು, ಗಾಡಿ ಬಾಡಿಗೆ. ಮೂರು ಪುಟ. ಅಲ್ಲಿ ಮೊತ್ತದ ಜಾಗ ಒಂದೂ ಖಾಲಿ ಇಲ್ಲ. ಕೆಲವು ಸಾಲುಗಳ ಮೇಲೆ ಬೇರೆ ಬೇರೆ ಪೆನ್ನಿನಲ್ಲಿ ಗೀಟು ಹೊಡೆದಿದೆ. ಕೊನೆಯ ಗೀಟಿನ ಪಕ್ಕ 2023 ಎಂದಿದೆ. ಸೀರೆಯ ಸಾಲಿಗೆ ಇನ್ನೂ ಗೀಟಿಲ್ಲ.