ಚಿನ್ನದ ವಯಸ್ಸು ಹೇಳುವ ಕಣ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ದಾಟಿ ಸಾಗುವ ಹೆದ್ದಾರಿ ತಲುಪುವ ತುಮಕೂರು ಜಿಲ್ಲೆಯಲ್ಲಿ ಅಜ್ಜನಹಳ್ಳಿ ಇದೆ. ಅಲ್ಲಿರುವುದು ಹಳೆಯ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣದ ಶಿಲೆ. ಅದರೊಳಗೆ ಆಮೇಲೆ ನುಗ್ಗಿದ ಬಿಸಿನೀರು ಬಿಟ್ಟುಹೋದ ಚಿನ್ನ. ಶಿಲೆಯ ವಯಸ್ಸೇ ಚಿನ್ನದ ವಯಸ್ಸಲ್ಲ, ತೊಡಕಿರುವುದೇ ಇಲ್ಲಿ. ಹಾಗಾಗಿ ಅದೇ ಬಿಸಿನೀರಿನಿಂದ ಹುಟ್ಟಿದ ಮೊನಜೈಟ್, ಕ್ಸೆನೋಟೈಮ್ ಎಂಬ ಖನಿಜಗಳ ಕಣಗಳನ್ನು ಭೂವಿಜ್ಞಾನಿಗಳು ಹುಡುಕುತ್ತಾರೆ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯುತ್ತಾರೆ. ಪೀಣ್ಯದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಲೋಹ ಕಡೆಯುವವರಿಗೆ ಈ ಕೈಚಳಕದ ಬೆಲೆ ಗೊತ್ತು. ಆಮೇಲೆ ಸೂಕ್ಷ್ಮದರ್ಶಕದಲ್ಲಿ, ಅದಿರಿನ ಪಕ್ಕದಲ್ಲೇ ಕೂತ, ಕೂದಲೆಳೆಗಿಂತ ಸಣ್ಣ ಕಣವನ್ನು ಆರಿಸಿ, ಅಯಾನು ಕಿರಣ ಹಾಯಿಸಿ, ಅದರಲ್ಲಿನ ಯುರೇನಿಯಂ ಕಾಲಕ್ರಮದಲ್ಲಿ ಎಷ್ಟು ಸೀಸವಾಗಿದೆ ಎಂದು ಅಳೆಯುತ್ತಾರೆ. ಎಂಥ ತಾಳ್ಮೆ! 2011ರಲ್ಲಿ ಪ್ರಕಟವಾದ ಉತ್ತರ ಸುಮಾರು 252 ಕೋಟಿ ವರ್ಷ. ಗದಗದ ಚಿನ್ನಕ್ಕೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚೆಂದರೆ ಒಂದು ಕೋಟಿ ವರ್ಷ ಆಚೀಚೆ.