ವಾಕ್ಚಿತ್ರಗಳಲ್ಲಿ ಪ್ರತಿನಾಯಕನೂ ಕರುಣರಸವೂ

೧

ನಮ್ಮ ಲಾಕ್ಷಣಿಕರು ನಾಯಕನ ಲಕ್ಷಣವನ್ನು ಎಷ್ಟು ವಿಸ್ತಾರವಾಗಿ ಹೇಳುವರೋ ಪ್ರತಿನಾಯಕನ ಲಕ್ಷಣವನ್ನು ಅಷ್ಟೇ ಸಂಕ್ಷೇಪವಾಗಿ ಮುಗಿಸಿಬಿಡುವರು. ಹತ್ತನೆಯ ಶತಮಾನದಲ್ಲಿ ದಶರೂಪಕವನ್ನು ರಚಿಸಿದ ಧನಂಜಯನು ನಾಯಕನಲ್ಲಿ ಧೀರೋದಾತ್ತನೇ ಮೊದಲಾದ ನಾಲ್ಕು ಭೇದಗಳನ್ನು ಮಾಡಿ, ಅವರವರ ಗುಣಗಳನ್ನೂ ಸಹಾಯರನ್ನೂ ವ್ಯಾಪಾರಗಳನ್ನೂ ವಿವರಿಸಿದ್ದಾನೆ. ಪ್ರತಿನಾಯಕನಿಗೆ ದೊರೆತಿರುವುದು ಅರ್ಧ ಶ್ಲೋಕ ಮಾತ್ರ. ಅವನು ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂಬಲ್ಲಿಗೆ ಮಾತು ಮುಗಿಯಿತು. ವ್ಯಾಖ್ಯಾನಕಾರನಾದ ಧನಿಕನು ರಾಮನಿಗೆ ರಾವಣನನ್ನೂ ಯುಧಿಷ್ಠಿರನಿಗೆ ದುರ್ಯೋಧನನನ್ನೂ ಉದಾಹರಿಸಿ ಮುಂದೆ ಸಾಗುವನು. ದಂಡಿಯು ಈ ವಿಷಯದಲ್ಲಿ ಹೆಚ್ಚು ಉದಾರನು. ಶತ್ರುವಿನ ವಂಶವೀರ್ಯಗಳನ್ನೂ ವಿದ್ಯೆಯನ್ನೂ ಮೊದಲು ವರ್ಣಿಸಿ, ಅಂತಹವನನ್ನು ನಾಯಕನು ಗೆದ್ದನೆಂದು ಹೇಳುವ ಕ್ರಮವು ತನಗೆ ಹಿತವೆಂದು ಕಾವ್ಯಾದರ್ಶದ ಮೊದಲನೆಯ ಪರಿಚ್ಛೇದದಲ್ಲಿ ಹೇಳಿದ್ದಾನೆ. ಆದರೆ ಅಲ್ಲಿಯೂ ಶತ್ರುವಿನ ಹಿರಿಮೆಯು ನಾಯಕನ ಹಿರಿಮೆಗೆ ಮೆಟ್ಟಿಲಷ್ಟೆ.

ಈ ಲಕ್ಷಣಗಳಿಂದ ಒಂದು ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ನಾಯಕನ ಜಯಕ್ಕೆ ಸಹೃದಯನು ಹಿಗ್ಗುವುದು ಸಹಜ. ಸೋತ ಪ್ರತಿನಾಯಕನಿಗಾಗಿ ಅವನ ಕಣ್ಣು ತೇವವಾಗುವುದು ಏತರಿಂದ? ಕನ್ನಡದಲ್ಲಿ ಈ ಪ್ರಶ್ನೆ ಹಳೆಯದು. ಭೀಮನ ವಿಜಯವನ್ನು ಹಾಡಲು ಹೊರಟ ರನ್ನನ ಗದಾಯುದ್ಧದಲ್ಲಿ ದುರ್ಯೋಧನನೇ ಮನಸ್ಸನ್ನು ಸೆಳೆಯುವನು. ನಾಗಚಂದ್ರನ ರಾವಣನು ಸೀತೆಯ ದೃಢತೆಯನ್ನು ಕಂಡು ಪರಿತಪಿಸುವನು. ಬಿ. ಎಂ. ಶ್ರೀಕಂಠಯ್ಯನವರು ಈ ಇಬ್ಬರನ್ನೂ ಗ್ರೀಕರ ರುದ್ರನಾಟಕದ ನಾಯಕರ ಪಂಕ್ತಿಯಲ್ಲಿ ನಿಲ್ಲಿಸಿ ನೋಡುವ ದಾರಿಯನ್ನು ತೆರೆದರು. ಇಂದು ಈ ಪ್ರಶ್ನೆಯು ಕಾವ್ಯದ ಓದುಗರಿಗಿಂತ ಹೆಚ್ಚಾಗಿ ವಾಕ್ಚಿತ್ರ ದೂರದರ್ಶನಗಳ ಪ್ರೇಕ್ಷಕರನ್ನು ಮುಟ್ಟುತ್ತಿದೆ. ತರಗತಿಗೆ ಬರುವ ವಿದ್ಯಾರ್ಥಿಯು ನಾಗಚಂದ್ರನನ್ನು ಓದುವ ಮೊದಲೇ ರಾವಣನನ್ನು ತೆರೆಯ ಮೇಲೆ ಕಂಡಿರುತ್ತಾನೆ. ಅವನಿಗೆ ಉತ್ತರ ಹೇಳಬೇಕಾದವರು ಅಧ್ಯಾಪಕರು.

ಸಾಮಾನ್ಯವಾಗಿ ಹೇಳುವ ಉತ್ತರವೆಂದರೆ, ಪ್ರತಿನಾಯಕನಲ್ಲಿಯೂ ಶೌರ್ಯ, ಔದಾರ್ಯ, ಪಾಂಡಿತ್ಯ ಮೊದಲಾದ ಗುಣಗಳಿರುವುದರಿಂದ ಅವನು ಪ್ರಿಯನಾಗುವನು ಎಂಬುದು. ಇದು ಸಾಲದು. ಗುಣಗಳು ಮೆಚ್ಚುಗೆಯನ್ನು ಹುಟ್ಟಿಸುವುವು. ಮರುಕವನ್ನು ಹುಟ್ಟಿಸುವುದು ಬಂಧ. ಅವನ ಅಪರಾಧವನ್ನು ಬಲ್ಲವರಾಗಿಯೂ ಅವನನ್ನು ಬಿಡಲಾರದ ತಾಯಿಯೋ ಹೆಂಡತಿಯೋ ಮಗನೋ ಪಕ್ಕದಲ್ಲಿ ನಿಂತಾಗಲೇ ಪ್ರತಿನಾಯಕನು ಕರುಣಕ್ಕೆ ಆಲಂಬನನಾಗುವನು. ಕನ್ನಡದ ಮೂರು ವಾಕ್ಚಿತ್ರಗಳಿಂದ ಈ ಮಾತನ್ನು ಪರೀಕ್ಷಿಸಿ, ಕೊನೆಯಲ್ಲಿ ಹದಿನಾರು ಗ್ರಾಮದ ಐತಿಹ್ಯದ ಮೇಲೆ ಅದನ್ನು ಒರೆಹಚ್ಚಿ ನೋಡಬಹುದು.

೨

ತೆರೆಕಂಡ ಮೊದಲನೆಯ ಕನ್ನಡ ವಾಕ್ಚಿತ್ರವು ೧೯೩೪ನೆಯ ಇಸವಿಯ ‘ಸತೀ ಸುಲೋಚನಾ’. ವೈ. ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಂಭಾಷಣೆ ಮತ್ತು ಗೀತೆಗಳು, ಎಂ. ವಿ. ಸುಬ್ಬಯ್ಯನಾಯ್ಡು ಅವರು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬಾ ಅವರು ಸುಲೋಚನೆ. ಚಿತ್ರದ ಪ್ರತಿಯು ಇಂದು ದೊರೆಯದಿರುವುದರಿಂದ ಅಭಿನಯವನ್ನು ಕುರಿತು ತೀರ್ಪು ಕೊಡುವುದು ಸಾಧ್ಯವಿಲ್ಲ. ಆದರೆ ವಸ್ತುವಿನ ಆಯ್ಕೆಯೇ ವಿಚಾರಾರ್ಹವಾದುದು. ಕನ್ನಡದ ತೆರೆಯು ಮಾತನಾಡಲು ತೊಡಗಿದಾಗ ಅಯೋಧ್ಯೆಯ ಮನೆಯನ್ನು ಬಿಟ್ಟು ಲಂಕೆಯ ಮನೆಯ ಸೊಸೆಯ ಕಥೆಯನ್ನು ಹೇಳಿತು.

ಸುಲೋಚನೆಯ ಕಥೆ ವಾಲ್ಮೀಕಿಯಲ್ಲಿಲ್ಲ. ಜನಪ್ರಿಯ ಪರಂಪರೆಯಲ್ಲಿ ಬೆಳೆದದ್ದು. ಅವಳು ಆದಿಶೇಷನ ಮಗಳು. ಲಕ್ಷ್ಮಣನು ಆದಿಶೇಷನ ಅವತಾರವೆಂದು ಪ್ರಸಿದ್ಧಿಯಿರುವುದರಿಂದ ಇಂದ್ರಜಿತುವನ್ನು ಕೊಂದವನು ಅವನ ಮಾವನೇ ಆದಂತಾಯಿತು. ಗಂಡನ ಶಿರಸ್ಸನ್ನು ಬೇಡಿ ಅವಳು ರಾಮನ ಪಾಳೆಯಕ್ಕೆ ಹೋಗುವಳು. ಇದರಿಂದ ಇಂದ್ರಜಿತುವಿನ ಮಾಯಾಯುದ್ಧವಾಗಲಿ ಕ್ರೌರ್ಯವಾಗಲಿ ಕಡಮೆಯಾಗಲಿಲ್ಲ. ಯುದ್ಧದ ಬೆಲೆಯನ್ನು ಗೆದ್ದವರ ಪಾಳೆಯದಲ್ಲಿಯೇ ಒಬ್ಬ ವಿಧವೆಯು ನಿಂತು ಕೇಳಿದಳು; ರಾಮನೂ ಅವಳೆದುರಿಗೆ ಜಯಶಾಲಿಯೆಂಬ ಭಾವವನ್ನು ಬಿಡಬೇಕಾಯಿತು. ಕಥೆಯ ಕೊನೆಯ ಸಹಗಮನವನ್ನು ಇಂದಿನ ವಿವೇಕವು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಅದನ್ನು ಬಿಟ್ಟರೂ ಕಥೆಯ ತಿರುಳಾದ ಈ ಸನ್ನಿವೇಶವು ಉಳಿಯುತ್ತದೆ.

೩

೧೯೫೮ರ ‘ಭೂಕೈಲಾಸ’ವು ಕೆ. ಶಂಕರ್ ಅವರ ನಿರ್ದೇಶನದ ಚಿತ್ರ. ರಾಜಕುಮಾರರು ರಾವಣ, ಕಲ್ಯಾಣಕುಮಾರರು ನಾರದ, ಜಮುನಾ ಅವರು ಮಂಡೋದರಿ. ಕಥೆಯು ಗೋಕರ್ಣದ ಸ್ಥಳಪುರಾಣ. ಆದುದರಿಂದ ಕನ್ನಡಿಗರಿಗೆ ನೆರೆಮನೆಯ ಕಥೆ. ರಾವಣನ ತಾಯಿ ಕೈಕಸೆಯು ಕಡಲ ತಡಿಯಲ್ಲಿ ಮರಳಿನ ಲಿಂಗವನ್ನು ಪೂಜಿಸುವಳು. ಅಲೆ ಬಂದು ಅದನ್ನು ಕರಗಿಸುವುದು. ತಾಯಿಯ ದುಃಖವನ್ನು ಕಂಡ ಮಗನು ಶಿವನ ಆತ್ಮಲಿಂಗವನ್ನೇ ತರುವೆನೆಂದು ಹೊರಡುವನು. ತಪಸ್ಸು ಫಲಿಸಿದ ಗಳಿಗೆಯಲ್ಲಿ ವಿಷ್ಣುವಿನ ಮಾಯೆಯಿಂದ ಅವನ ಬುದ್ಧಿ ಕದಡಿ, ಪಾರ್ವತಿಯನ್ನೇ ಬೇಡುವನು. ಇದು ಮಹಾಪರಾಧ. ಅನಂತರ ನಾರದನ ವಂಚನೆ, ಮಂಡೋದರಿಯ ವಿವಾಹ, ತಾನು ಮೋಸಹೋದೆನೆಂಬ ಅರಿವು, ಮತ್ತೊಮ್ಮೆ ಘೋರ ತಪಸ್ಸು, ಕೈಸೇರಿದ ಲಿಂಗವು ಗಣಪತಿಯ ಯುಕ್ತಿಯಿಂದ ಗೋಕರ್ಣದಲ್ಲಿ ನೆಲೆಗೊಳ್ಳುವುದು.

ಇಲ್ಲಿ ಗಮನಿಸಬೇಕಾದುದು ಎರಡು. ಮೊದಲನೆಯದು, ರಾವಣನ ಉದ್ಯಮಕ್ಕೆ ಬೀಜವು ತಾಯಿಯ ಬಯಕೆ. ಅಹಂಕಾರವು ಆಮೇಲೆ ಬಂದು ಸೇರಿತು. ಎರಡನೆಯದು, ಮೋಸದ ಭಾರವು ದೇವತೆಗಳ ಪಕ್ಷದಲ್ಲಿದೆ. ಲೋಕಹಿತಕ್ಕಾಗಿ ಆ ಮೋಸವು ಬೇಕೆಂದು ಪ್ರೇಕ್ಷಕನ ಬುದ್ಧಿ ಒಪ್ಪುವುದು. ಬರಿಗೈಯಲ್ಲಿ ತಾಯಿಯ ಮುಂದೆ ನಿಲ್ಲಬೇಕಾದ ಮಗನನ್ನು ನೆನೆದು ಹೃದಯವು ನೋಯುವುದು. ಈ ಎರಡೂ ಏಕಕಾಲದಲ್ಲಿ ನಡೆಯುವುವು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಹಾಸ್ಯಕ್ಕೆ ಹೇರಳವಾದ ಎಡೆಯಿರುವ ಈ ಕಥೆಯಲ್ಲಿ ರಾವಣನು ನಗೆಗೀಡಾಗದೆ ಉಳಿದಿರುವುದಕ್ಕೆ ಕಾರಣವು ಅವನ ತಪಸ್ಸಿಗಿಂತ ಹೆಚ್ಚಾಗಿ ಈ ಮಾತೃಭಕ್ತಿ.

೪

ಇದೇ ನಟರು ಇಪ್ಪತ್ತೈದು ವರ್ಷಗಳ ತರುವಾಯ, ೧೯೮೩ರಲ್ಲಿ, ವಿಜಯ್ ಅವರು ನಿರ್ದೇಶಿಸಿದ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದರು. ಪ್ರಹ್ಲಾದನಾಗಿ ಅಭಿನಯಿಸಿದ ಬಾಲಕನು ಅವರ ಮಗ ಪುನೀತ. ಕಯಾಧುವಿನ ಪಾತ್ರ ಸರಿತಾ ಅವರದು, ನಾರದನ ಪಾತ್ರ ಅನಂತನಾಗ್ ಅವರದು. ನಿಜವಾದ ತಂದೆಮಕ್ಕಳು ಪುರಾಣದ ತಂದೆಮಕ್ಕಳಾಗಿ ಎದುರುಬದುರು ನಿಂತದ್ದು ಪ್ರೇಕ್ಷಕನಿಗೆ ಗೊತ್ತಿದ್ದ ಸಂಗತಿ. ಭಟ್ಟನಾಯಕನು ಹೇಳಿದ ಸಾಧಾರಣೀಕರಣಕ್ಕೆ ನಟನ ಸ್ವಂತ ಸಂಬಂಧವು ವಿಘ್ನವಾಗಬೇಕಾಗಿತ್ತು; ಇಲ್ಲಿ ಅದು ಸಹಾಯವಾಯಿತು. ಕೊಲ್ಲಿಸಲು ಆಜ್ಞೆ ಕೊಡುವ ಕೈಯೂ ಮಗುವನ್ನು ಎತ್ತಿ ಆಡಿಸಿದ ಕೈಯೂ ಒಂದೇ ಎಂಬ ಅರಿವು ಪ್ರತಿಯೊಂದು ದೃಶ್ಯದ ಹಿಂದೆಯೂ ಇರುವುದು.

ಭಾಗವತದ ಏಳನೆಯ ಸ್ಕಂಧವನ್ನು ಬಲ್ಲವರಿಗೆ ಈ ಕರುಣದ ಬೇರುಗಳು ಮೂಲದಲ್ಲಿಯೇ ಕಾಣುವುವು. ತಮ್ಮನಾದ ಹಿರಣ್ಯಾಕ್ಷನು ಹತನಾದಾಗ ಹಿರಣ್ಯಕಶಿಪುವು ಸೇಡಿನ ಮಾತನಾಡಿದ ಮೇಲೆ, ಗೋಳಾಡುವ ತಾಯಿ ದಿತಿಯನ್ನು ಆತ್ಮದ ನಿತ್ಯತೆಯನ್ನು ಬೋಧಿಸಿ ಸಮಾಧಾನಪಡಿಸುವನು. ವೇದಾಂತವನ್ನು ತಾಯಿಗೆ ಹೇಳಬಲ್ಲವನು ತಾನು ಅದರಂತೆ ನಡೆಯಲಾರದೆ ಹೋದನು. ಅವನು ತಪಸ್ಸಿನಲ್ಲಿದ್ದಾಗ ಗರ್ಭಿಣಿಯಾದ ಕಯಾಧುವನ್ನು ಇಂದ್ರನು ಎಳೆದೊಯ್ದನು, ನಾರದನು ತಡೆದನು. ಅವನ ದ್ವೇಷವು ಇಂತು ಮನೆಯವರ ನೋವಿನಿಂದ ಬೆಳೆದುದು.

ಇನ್ನೊಂದು ಸಂಗತಿಯನ್ನು ವಿಮರ್ಶಕರು ಅಷ್ಟಾಗಿ ಎತ್ತಿಹೇಳಿಲ್ಲ. ಹಿರಣ್ಯಕಶಿಪುವು ಗುರುಕುಲದಿಂದ ಬಂದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಲಿತದ್ದರಲ್ಲಿ ಒಳ್ಳೆಯದು ಯಾವುದೆಂದು ಪ್ರೀತಿಯಿಂದ ಕೇಳುವನು. ಉತ್ತರವನ್ನು ಕೇಳಿ ಕೊನೆಗೆ ಅದೇ ತೊಡೆಯಿಂದ ಮಗನನ್ನು ಕೆಳಕ್ಕೆಸೆಯುವನು. ಮುಂದೆ ಅವನಿಗೆ ಮರಣವು ಬಂದದ್ದು ನರಸಿಂಹನ ತೊಡೆಯ ಮೇಲೆ. ಮಗನಿಗೆ ಎಡೆಯಿಲ್ಲವೆಂದ ತೊಡೆಗೆ ಪ್ರತಿಯಾಗಿ ಇನ್ನೊಂದು ತೊಡೆಯು ಒದಗಿತು. ಭಾಸನ ಊರುಭಂಗದಲ್ಲಿಯೂ ಇದರ ಜೊತೆಯೊಂದುಂಟು. ತೊಡೆ ಮುರಿದು ಬಿದ್ದಿರುವ ದುರ್ಯೋಧನನ ಬಳಿಗೆ ಅವನ ಪುಟ್ಟ ಮಗ ದುರ್ಜಯನು ಬಂದು ತೊಡೆಯೇರಲು ಹವಣಿಸುವನು; ತಂದೆಯು ತಡೆಯಬೇಕಾಗುವುದು. ದ್ರೌಪದಿಗೆ ತೊಡೆಯನ್ನು ತೋರಿಸಿದ ಅಪರಾಧವನ್ನು ಭಾಸನು ಮರೆಸಲಿಲ್ಲ. ಆ ಅಪರಾಧಕ್ಕೆ ತೆತ್ತ ದಂಡವು ಏನೂ ಅರಿಯದ ಮಗುವಿಗೂ ತಟ್ಟಿತೆಂಬುದನ್ನು ತೋರಿಸಿದನು. ಕರುಣವು ಹುಟ್ಟುವುದು ಅಲ್ಲಿಯೇ.

೫

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಸೀತೆಯನ್ನು ಕುರಿತು ರಾವಣನಿಗಿದ್ದ ರತಿಯನ್ನು ಅಭಿನವಗುಪ್ತನು ಲೋಚನದಲ್ಲಿ ಶೃಂಗಾರಾಭಾಸವೆಂದಿರುವನಷ್ಟೆ. ಹಾಗೆಯೇ ರಾವಣನನ್ನು ಕುರಿತ ಮರುಕವನ್ನು ಕರುಣಾಭಾಸವೆಂದು ಏಕೆ ಹೇಳಬಾರದು? ಅಲ್ಲದೆ, ದುಷ್ಟನಿಗಾಗಿ ಅಳುವುದನ್ನು ಕಲಿತ ಪ್ರೇಕ್ಷಕನು ಧರ್ಮಾಧರ್ಮ ವಿವೇಕವನ್ನು ಕಳೆದುಕೊಳ್ಳುವುದಿಲ್ಲವೆ?

ಇದಕ್ಕೆ ಸಮಾಧಾನವು ಆಭಾಸದ ಕಾರಣದಲ್ಲಿಯೇ ಇದೆ. ರಾವಣನ ರತಿಯು ಆಭಾಸವಾದದ್ದು ಸೀತೆಯಲ್ಲಿ ಅದಕ್ಕೆ ಪ್ರತಿಯಿಲ್ಲದ್ದರಿಂದ. ಏಕಪಕ್ಷದ ರತಿಯು ರತಿಯಂತೆ ತೋರುವುದೇ ಹೊರತು ರತಿಯಾಗದು. ಮಂಡೋದರಿಯ ಶೋಕವು ಹಾಗಲ್ಲ. ಅದು ಇಬ್ಬರು ಕಟ್ಟಿದ ಸಂಸಾರವು ಮುರಿದುದರ ಶೋಕ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅವಳು ವಿಲಪಿಸುವಾಗ ಗಂಡನ ತಪ್ಪನ್ನು ಮರೆತಿಲ್ಲ. ಹಿಂದೆ ಅವನು ತಪಸ್ಸಿನಿಂದ ಗೆದ್ದ ಇಂದ್ರಿಯಗಳೇ ವೈರವನ್ನು ನೆನೆದು ಅವನನ್ನು ಗೆದ್ದವೆಂದು ಹೇಳುವಳು. ಇದಕ್ಕಿಂತ ಕಠಿನವಾದ ತೀರ್ಪನ್ನು ರಾಮನೂ ಕೊಡಲಿಲ್ಲ. ತೀರ್ಪೂ ಪ್ರೀತಿಯೂ ಒಂದೇ ಬಾಯಿಂದ ಬಂದುದರಿಂದ ಆ ಕರುಣವು ಶುದ್ಧ. ಅದು ವಿವೇಕವನ್ನು ಕೆಡಿಸುವುದಿಲ್ಲ, ಅದಕ್ಕೆ ಆಳವನ್ನು ಕೊಡುವುದು.

ವಿವೇಕವು ಕೆಡುವುದು ಬೇರೆ ಮಾರ್ಗದಿಂದ. ದೂರದರ್ಶನವು ಬಂದ ಮೇಲೆ ಕಥೆಗೆ ಕಾಲದ ಕೊರತೆ ನೀಗಿತು. ೧೯೮೭ರಲ್ಲಿ ಆರಂಭವಾದ ರಮಾನಂದ ಸಾಗರರ ‘ರಾಮಾಯಣ’ದಲ್ಲಿ ಅರವಿಂದ ತ್ರಿವೇದಿಯವರ ರಾವಣನು ಬೆಳೆದದ್ದು ಈ ಅವಕಾಶದಿಂದ. ಮಂಡೋದರಿಯ ಹಿತವಚನ, ವಿಭೀಷಣನು ಅಣ್ಣನನ್ನು ಬಿಡುವುದು, ಅಣ್ಣನದು ತಪ್ಪೆಂದು ಬಲ್ಲ ಕುಂಭಕರ್ಣನು ಅಣ್ಣನಿಗಾಗಿಯೇ ಸಾಯುವುದು, ಇವೆಲ್ಲವೂ ವಾರವಾರವೂ ಕಣ್ಣೆದುರಿಗೆ ನಡೆದುವು. ಆದರೆ ಇಂದಿನ ಸಂಸಾರಧಾರಾವಾಹಿಗಳಲ್ಲಿ ಅದೇ ಅವಕಾಶವು ಅನೇಕವೇಳೆ ಬೇರೆ ಬಗೆಯಾಗಿ ವೆಚ್ಚವಾಗುತ್ತಿದೆ. ವಿಷವಿಕ್ಕಿದ ಅತ್ತೆಗೋ ವಾರಗಿತ್ತಿಗೋ ಬಾಲ್ಯದ ದುಃಖವೊಂದನ್ನು ಹಿಂದಿನ ಕಥೆಯಾಗಿ ಜೋಡಿಸಿ, ಅದರಿಂದಲೇ ಪ್ರೇಕ್ಷಕರ ಮರುಕವನ್ನು ಕೊಳ್ಳಲು ಯತ್ನಿಸುವರು. ಇದು ವಕಾಲತ್ತೇ ಹೊರತು ಕಾವ್ಯವಲ್ಲ. ಕಾರಣವನ್ನು ಹೇಳುವುದು ಬೇರೆ, ಬಂಧವನ್ನು ಕಾಣಿಸುವುದು ಬೇರೆ. ಕಾರಣವು ಅಪರಾಧದ ಭಾರವನ್ನು ಹಗುರಮಾಡಲು ಯತ್ನಿಸುವುದು. ಬಂಧವು ಆ ಭಾರವನ್ನು ಇನ್ನೊಬ್ಬರ ಹೆಗಲಿಗೂ ತರುವುದು. ಮೊದಲನೆಯದರಿಂದ ಕ್ಷಮೆ ಹುಟ್ಟಬಹುದು, ಎರಡನೆಯದರಿಂದ ಕರುಣ ಹುಟ್ಟುವುದು.

೬

ಈ ವಿಚಾರಕ್ಕೆ ಹದಿನಾರಿನ ಐತಿಹ್ಯವು ವ್ಯತಿರೇಕದ ಉದಾಹರಣೆ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಗೆ ಸೇರಿದ ಈ ಗ್ರಾಮವೇ ಮೈಸೂರು ಅರಸರ ವಂಶಕಥೆಯಲ್ಲಿ ಬರುವ ಹದಿನಾಡು ಎಂದು ಹೇಳುವುದುಂಟು. ೧೩೯೯ರಲ್ಲಿ ದ್ವಾರಕೆಯಿಂದ ಯದುರಾಯ ಕೃಷ್ಣರಾಯರೆಂಬ ಸೋದರರು ಬಂದರೆಂದೂ, ಕರುಗಹಳ್ಳಿಯ ಮಾರನಾಯಕನು ಒಡೆಯನಿಲ್ಲದ ಹದಿನಾಡಿನ ಮನೆತನವನ್ನು ಹೆದರಿಸಿ ಅಲ್ಲಿಯ ಕುಮಾರಿಯನ್ನು ಮದುವೆಯಾಗಲು ಹವಣಿಸಿದನೆಂದೂ, ಸೋದರರು ಅವನನ್ನು ಕೊಂದರೆಂದೂ, ಯದುರಾಯನು ಆ ಕುಮಾರಿಯನ್ನು ವರಿಸಿ ಅರಸನಾದನೆಂದೂ ಕಥೆ. ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟಿಸಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ಬರೆಯುವಾಗ, ಕರುಗಹಳ್ಳಿಯವನು ಜಾತಿಯಲ್ಲಿ ಕಡಮೆಯವನೆಂದೂ, ಮದುವೆಯ ಔತಣದಲ್ಲಿಯೇ ಅವನು ಹತನಾದನೆಂದೂ ತಿಳಿಸಿದ್ದಾನೆ.

ಮಾರನಾಯಕನಿಗೆ ಧನಂಜಯನ ಅರ್ಧ ಶ್ಲೋಕವು ಪೂರ್ತಿಯಾಗಿ ಸಲ್ಲುವುದು. ಅದರಾಚೆಗೆ ಅವನಿಗೆ ಏನೂ ಇಲ್ಲ. ಇವನಿಗೆ ತಾಯಿಯಿಲ್ಲ, ಮಂಡೋದರಿಯಿಲ್ಲ, ಬುದ್ಧಿ ಹೇಳುವ ತಮ್ಮನಿಲ್ಲ. ಔತಣಕ್ಕೆ ಹೋದವನು ಹಿಂದಿರುಗಲಿಲ್ಲವೆಂದು ಕರುಗಹಳ್ಳಿಯಲ್ಲಿ ಕಾದವರು ಯಾರೆಂದು ಕಥೆ ಹೇಳುವುದಿಲ್ಲ. ಆರು ಶತಮಾನಗಳಿಂದ ಈ ಕಥೆಯನ್ನು ಕೇಳುತ್ತ ಬಂದವರಲ್ಲಿ ಯಾರೂ ಅವನಿಗಾಗಿ ಮರುಗದಿರುವುದಕ್ಕೆ ಕಾರಣವು ಅವನ ದುಷ್ಟತನವೆಂದು ಹೇಳಲಾಗದು. ಪಾರ್ವತಿಯನ್ನು ಬೇಡಿದ ರಾವಣನ ದುಷ್ಟತನವು ಇದಕ್ಕಿಂತ ಕಡಮೆಯದಲ್ಲ. ಮಾರನಾಯಕನ ಪಕ್ಕದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ, ಅಷ್ಟೆ. ವಂಶಾವಳಿಯ ಉದ್ದೇಶವು ಸಿಂಹಾಸನದ ಮೂಲವನ್ನು ಹೇಳುವುದಾದುದರಿಂದ ಅದನ್ನು ದೂರಬೇಕಾಗಿಲ್ಲ. ಆದರೆ ಜಾತಿಯಲ್ಲಿ ಕಡಮೆಯೆಂಬುದನ್ನೂ ಬಲಾತ್ಕಾರವೆಂಬುದನ್ನೂ ಒಂದೇ ಉಸಿರಿನಲ್ಲಿ ದೋಷಗಳೆಂದು ಎಣಿಸಿದ್ದು ಎಲ್ಲಿ ಎಂಬುದನ್ನು ಗಮನಿಸಬೇಕು: ಅದು ಅವನ ಮನೆಯವರ ಮಾತು ಒಂದೂ ಕೇಳಿಬರದ ಕಥೆಯಲ್ಲಿ. ಬಲಾತ್ಕಾರವು ದೋಷವೇ, ಹುಟ್ಟು ದೋಷವಲ್ಲ. ಇವೆರಡನ್ನೂ ಬೇರ್ಪಡಿಸಿ ತೋರಿಸಲು ಒಬ್ಬ ತಾಯಿಯ ಅಳು ಸಾಕಾಗಿತ್ತು.

ಇತಿಹಾಸಕಾರನು ಇಲ್ಲದ ತಾಯಿಯನ್ನು ಕಲ್ಪಿಸಲಾರನು. ಕವಿಗೂ ಚಿತ್ರಕಾರನಿಗೂ ಆ ಅಧಿಕಾರವುಂಟು. ನರಸೀಪುರದ ಸಂಗಮದಲ್ಲಿ ಗುಂಜಾನರಸಿಂಹನಿಗೆ ಕೈಮುಗಿದು ಬರುವ ಜನರೇ ತೆರೆಯ ಮೇಲಿನ ಹಿರಣ್ಯಕಶಿಪುವಿಗಾಗಿ ಕಣ್ಣೊರೆಸಿಕೊಂಡಿರುವರು. ಅದರಿಂದ ಅವರ ಭಕ್ತಿಗೆ ಕುಂದುಂಟಾಗಿಲ್ಲ. ಮಾರನಾಯಕನ ಕಥೆಯನ್ನು ಯಾರಾದರೂ ಮುಂದೆ ಬರೆಯುವುದಾದರೆ ಅವನ ತಪ್ಪನ್ನು ಒಂದಿಷ್ಟೂ ಕಡಮೆಮಾಡದೆ, ಕರುಗಹಳ್ಳಿಯ ಮನೆಯ ಬಾಗಿಲಲ್ಲಿ ದೀಪ ಹಿಡಿದು ನಿಂತ ಒಬ್ಬರನ್ನು ಕಾಣಿಸಲಿ. ಯದುರಾಯನ ಜಯವು ಅದರಿಂದ ಕಿರಿದಾಗದು.